ಅಡಕೆ ದಬ್ಬೆಯ ಮೇಲೆ ಸರಾಸರಿ

ಅಡಕೆಗೊನೆ ಕೊಯ್ಲು ಶುರುವಾದರೆ ತೀರ್ಥಹಳ್ಳಿ ಕಡೆಯ ನಮ್ಮ ತವರುಮನೆ ಅಂಗಳದಲ್ಲಿ ಸಂಜೆ ಹೊತ್ತು ಜನವೋ ಜನ. ಮೆಟ್ಟುಗತ್ತಿ ಹಾಕಿಕೊಂಡು ಅಕ್ಕಂದಿರು ಹಸಿ ಅಡಕೆ ಸುಲಿಯುತ್ತಾರೆ. ಕೂಲಿ ಡಬ್ಬದ ಲೆಕ್ಕದಲ್ಲಿ. ಯಾರದ್ದು ಎಷ್ಟು ಡಬ್ಬ ಎಂದು ಬರೆದುಕೊಳ್ಳುವುದು ಒಂಬತ್ತನೇ ಕ್ಲಾಸಿನ ನನ್ನ ಅಣ್ಣನ ಮಗನ ಕೆಲಸ.

ಒಂದು ಸಂಜೆ ಅವನ ಪುಸ್ತಕದಲ್ಲಿ ಇದ್ದದ್ದು ಈ ಐದು ಅಂಕಿ: 2, 3, 3, 4, 8.

"ಅತ್ತೆ, ಸರಾಸರಿ 4 ಬಂತು. ಆದ್ರೆ ಮೂರು ಜನ ಇದಕ್ಕಿಂತ ಕಡಿಮೆ, ಒಬ್ಬರೇ ಜಾಸ್ತಿ. ಇದು ನಡುವಿಂದು ಹೇಗಾಗುತ್ತೆ?"

ಕೇಳಲೇಬೇಕಾದ ಪ್ರಶ್ನೆ ಅದು. ಕೂಡಿಸು, ಭಾಗಿಸು ಎಂದಷ್ಟೇ ಹೇಳಿಕೊಟ್ಟರೆ ಉತ್ತರ ಬರುತ್ತದೆ, ಆ ಉತ್ತರ ಏನು ಎನ್ನುವುದು ತಿಳಿಯುವುದಿಲ್ಲ.

ಕೊಟ್ಟಿಗೆ ಪಕ್ಕ ಅಡಕೆ ದಬ್ಬೆ, ಅಂದರೆ ಅಡಕೆ ಮರದ ಸೀಳು, ಬಿದ್ದಿತ್ತು. ಒಂದು ತೆಳ್ಳನೆಯ ಸೀಳು ತಂದು, ಎರಡೂ ತುದಿ ಒಂದೇ ದಪ್ಪ ಬರುವ ಹಾಗೆ ಹೆರೆದೆವು. 0ಯಿಂದ 8ರವರೆಗೆ ಸಮದೂರದಲ್ಲಿ ಗೀಟು ಹಾಕಿ, ನಡುವಿನ 4ಕ್ಕೆ ದಾರ ಕಟ್ಟಿ ಜಂತಿಗೆ ತೂಗುಬಿಟ್ಟೆವು. ಬರೀ ದಬ್ಬೆ ಸಮಕ್ಕೆ ನಿಂತಿತು. ಆಮೇಲೆ ಒಂದೇ ಗಾತ್ರದ ಅಡಕೆ ಆರಿಸಿ, ನೂಲಿನಲ್ಲಿ ಕಟ್ಟಿ, ಒಂದೊಂದು ಅಂಕಿಗೆ ಒಂದೊಂದು ನೇತುಹಾಕಿದೆವು. 3ರಲ್ಲಿ ಎರಡು. 8ರದ್ದು ಹಾಕುವವರೆಗೂ ದಬ್ಬೆ ಎಡಕ್ಕೆ ವಾಲಿಕೊಂಡೇ ಇತ್ತು. ತುದಿಗೆ ಆ ಒಂದು ಅಡಕೆ ಬಿದ್ದದ್ದೇ, ಎರಡು ಸಲ ತೂಗಾಡಿ ಸಮಕ್ಕೆ ನಿಂತಿತು!

"ಈಗ ದಾರದಿಂದ ಯಾವುದು ಎಷ್ಟು ದೂರ ಇದೆ ಎಣಿಸು" ಎಂದೆ. ಎಡಕ್ಕೆ 2, 1, 1. ಒಟ್ಟು 4. ಬಲಕ್ಕೆ ಒಂದೇ ಅಡಕೆ, ಅದರ ದೂರವೂ 4. ನಾಲ್ಕರ ಅಡಕೆ ದಾರದ ಕೆಳಗೇ ಇತ್ತು, ಅದು ಯಾವ ಕಡೆಗೂ ಎಳೆಯುವುದಿಲ್ಲ. ಸರಾಸರಿ ನೋಡುವುದು ತಲೆ ಎಣಿಕೆಯನ್ನಲ್ಲ, ದೂರವನ್ನು. ತಲೆ ಎಣಿಸಿ ನಡುವಿನವರನ್ನು ಹುಡುಕುವುದು ಮಧ್ಯಾಂಕ. ಇಲ್ಲಿ ಅದು 3.

ಅವನು ಸುಮ್ನೆ ಇರಲಿಲ್ಲ. 8ರ ಅಡಕೆಯನ್ನು 7ಕ್ಕೆ ಸರಿಸಿದ. ದಬ್ಬೆ ಎಡಕ್ಕೆ ಇಳಿಯಿತು. "ಈಗ ಸರಾಸರಿ 3.8, ಅಲ್ವಾ?" ಎಂದ. ಒಂದೇ ಅಂಕಿ ಅಲ್ಲಾಡಿದರೂ ಸರಾಸರಿ ಅಲ್ಲಾಡುತ್ತದೆ. ಮಧ್ಯಾಂಕ ಮಾತ್ರ 3ರಲ್ಲೇ ಕೂತಿತ್ತು.

ಇಷ್ಟನ್ನೂ ಕೇಳಿಸಿಕೊಳ್ಳುತ್ತಿದ್ದ ಹಿರಿಯಕ್ಕ ಒಬ್ಬರು ಕೈ ನಿಲ್ಲಿಸದೆ ಹೇಳಿದರು: "ಎಲ್ಲರೂ ನಾಲ್ಕು ನಾಲ್ಕು ಡಬ್ಬ ಸುಲಿದ್ರು ಅಂತ ಬರೀಬೇಡ ಮಾರಾಯ. ನಾನು ಸುಲಿದಿದ್ದು ಎರಡೇ."

ಅವರ ಮಾತು ನೂರಕ್ಕೆ ನೂರು ಸರಿ. ಐದು ಜನಕ್ಕೆ 4ರಂತೆ 20 ಡಬ್ಬ, ನಾಳೆ ಹಂಡೆಯಲ್ಲಿ ಎಷ್ಟು ಬೇಯಿಸಬೇಕು ಎಂದು ಲೆಕ್ಕ ಹಾಕಲು ಸರಾಸರಿ ಸಾಕು. ಅದನ್ನೇ ಹಿಡಿದು ಪ್ರತಿಯೊಬ್ಬರೂ ನಾಲ್ಕು ಸುಲಿಯಲೇಬೇಕು ಎಂದರೆ ಅನ್ಯಾಯ.

ನಮ್ಮ ಶಿವಮೊಗ್ಗ ಜಿಲ್ಲೆಯ ಮಳೆಯೂ ಹೀಗೇ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ, ಭದ್ರಾವತಿ ಕಡೆ ಸಾವಿರದ ಆಸುಪಾಸು. ಜಿಲ್ಲೆಯ ಸರಾಸರಿಯನ್ನು ಆಗುಂಬೆ ತನ್ನ ಕಡೆಗೆ ಎಳೆಯುತ್ತದೆ. ಆ ಸರಾಸರಿ ನೋಡಿ ಭದ್ರಾವತಿಯ ರೈತ ಬೆಳೆ ಇಡಲು ಆಗುವುದಿಲ್ಲ.

ಇದನ್ನು ಹೇಳಿದ್ದೇ ತಡ, ಹುಡುಗ ಊರೂರಿನ ಮಳೆ ಅಂಕಿ ಹುಡುಕಲು ಕೂತ. ಇನ್ನೂ ಉದ್ದದ ದಬ್ಬೆ ಸೀಳಿಕೊಡು ಎಂದು ಅವನಪ್ಪನ ಬೆನ್ನು ಹತ್ತಿದ್ದಾನೆ.