ಇಸ್ಲಾ ಇಸಾಬೆಲ್: ಬೂಬಿಗಳ ನಡುವೆ, ಬಲೆಗಳ ಪಕ್ಕದಲ್ಲಿ

ಮೆಕ್ಸಿಕೊ ದೇಶದ ಪಶ್ಚಿಮ ಕರಾವಳಿಯಾಚೆ, ನಯಾರಿತ್ ರಾಜ್ಯಕ್ಕೆ ಸೇರಿದ ಇಸ್ಲಾ ಇಸಾಬೆಲ್ ಎಂಬ ಪುಟ್ಟ ಜ್ವಾಲಾಮುಖಿ ದ್ವೀಪದಲ್ಲಿ ಹಕ್ಕಿಗಳು ಮನುಷ್ಯರಿಗೆ ಹೆದರುವುದಿಲ್ಲ ಎಂಬುದನ್ನು ಹೋಗುವ ಮೊದಲೇ ಓದಿ ತಿಳಿದಿದ್ದೆ. ಆದರೂ ಕಾಲುದಾರಿಯ ನಟ್ಟನಡುವೆ ಮೊಟ್ಟೆಗಳ ಮೇಲೆ ಕುಳಿತಿದ್ದ ನೀಲಿಗಾಲಿನ ಬೂಬಿ ಎಂಬ ಕಡಲಹಕ್ಕಿಯೊಂದು ನನ್ನನ್ನು ನೇರವಾಗಿ ನೋಡಿ, ಏಳುವ ಲಕ್ಷಣವನ್ನೇ ತೋರದೆ ತನ್ನ ರೆಕ್ಕೆಯ ಗರಿಗಳನ್ನು ತಿದ್ದಿಕೊಳ್ಳತೊಡಗಿದಾಗ ನಾನು ಕ್ಯಾಮೆರಾ ಎತ್ತುವುದನ್ನೂ ಮರೆತು ನಿಂತುಬಿಟ್ಟೆ. ರಂಗನತಿಟ್ಟಿನಲ್ಲಿ ದೋಣಿಯೊಳಗೆ ಉಸಿರು ಬಿಗಿಹಿಡಿದು, ಮಂಡಗದ್ದೆಯಲ್ಲಿ ತುಂಗೆಯ ದಡದಿಂದ ಉದ್ದನೆಯ ಲೆನ್ಸ್ ಚಾಚಿ ಹಕ್ಕಿಗಳ ಚಿತ್ರ ತೆಗೆದು ಅಭ್ಯಾಸವಾದವಳಿಗೆ, ಹಕ್ಕಿಗೆ ದಾರಿ ಬಿಟ್ಟು ಸುತ್ತಿ ಹೋಗಬೇಕಾದ ಜಾಗವೊಂದಿದೆ ಎಂಬುದು ಕಣ್ಣಾರೆ ಕಂಡಮೇಲೂ ಬಹಳ ಹೊತ್ತಿನವರೆಗೆ ನಂಬಿಕೆಗೆ ಬರಲಿಲ್ಲ.

ಅಲ್ಲಿಗೆ ತಲುಪುವ ದಾರಿಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಗ್ವಾದಲಹಾರಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ತಮ್ಮ ಜೊತೆಗಿದ್ದುದರಿಂದ ಸ್ಪ್ಯಾನಿಷ್ ಭಾಷೆಯ ತೊಡಕಾಗಲಿಲ್ಲ. ರಾಷ್ಟ್ರೀಯ ಉದ್ಯಾನದ ಅನುಮತಿಯನ್ನೂ ಅವನೇ ಮೊದಲೇ ಪಡೆದಿದ್ದ. ಕ್ಯಾಲಿಫೋರ್ನಿಯಾದ ಕಡೆಗೆ ಹಡಗುಗಳನ್ನು ಕಳುಹಿಸಲೆಂದು ಸ್ಪೇನಿನವರು 1768ರಲ್ಲಿ ನೆಲೆಗೊಳಿಸಿದ ಸಾನ್ ಬ್ಲಾಸ್ ಈಗ ಸಣ್ಣ ಮೀನುಗಾರಿಕೆಯ ಊರು. ಗುಡ್ಡದ ಮೇಲಿನ ಹಳೆಯ ಕಲ್ಲುಕಟ್ಟಡಗಳು ಚೆನ್ನಾಗಿವೆ, ಆದರೆ ಸಂಜೆಯಾಗುತ್ತಲೇ ಮೇಲೇಳುವ ನುಸಿಗಳು ಅವುಗಳನ್ನು ನಿಂತು ನೋಡಲು ಬಿಡುವುದಿಲ್ಲ. ಅಲ್ಲಿಂದ ದ್ವೀಪಕ್ಕೆ ಸುಮಾರು 70 ಕಿಲೋಮೀಟರ್. ಔಟ್‌ಬೋರ್ಡ್ ಎಂಜಿನ್ನಿನ ಫೈಬರ್ ದೋಣಿ. ನಮ್ಮ ಮಲ್ಪೆ, ಗಂಗೊಳ್ಳಿಯ ನಾಡದೋಣಿಗಳನ್ನು ಕಂಡವರಿಗೆ ಅದರ ರೂಪ ಅಪರಿಚಿತವಲ್ಲ. ನೆರಳಿಲ್ಲ, ಒರಗಿಕೊಳ್ಳಲು ಜಾಗವಿಲ್ಲ, ಮುಂಭಾಗಕ್ಕೆ ಬಡಿಯುವ ಪ್ರತಿ ಅಲೆಯ ಉಪ್ಪುನೀರು ನೇರವಾಗಿ ಮೈಮೇಲೆಯೇ ಬೀಳುತ್ತದೆ. ಕ್ಯಾಮೆರಾವನ್ನು ಜಲನಿರೋಧಕ ಚೀಲದೊಳಗಿಟ್ಟು, ಅದರ ಬಾಯಿಯನ್ನು ಸುತ್ತಿ ಕಟ್ಟಿದ್ದರೆ ಮಾತ್ರ ಅದು ಒಣಗಿದ ಸ್ಥಿತಿಯಲ್ಲಿ ದಡ ಮುಟ್ಟೀತು.

ನೀರಿನ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಅದನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ದ್ವೀಪದಲ್ಲಿ ಸಿಹಿನೀರಿಲ್ಲ, ಬಾವಿಯಿಲ್ಲ, ತೊರೆಯಿಲ್ಲ, ಇರುವ ಒಂದೇ ಕೆರೆ ಕಡಲಿಗಿಂತಲೂ ಉಪ್ಪು. ದೋಣಿಯನ್ನು ಗೊತ್ತುಮಾಡಿಕೊಟ್ಟ ಮಧ್ಯವರ್ತಿ ಕುಡಿಯುವ ನೀರಿನ ಕ್ಯಾನುಗಳನ್ನು ತಾನೇ ತುಂಬಿಸುವುದಾಗಿ ಹೇಳಿ ಹಣವನ್ನೂ ಪಡೆದು, ಒಪ್ಪಿಕೊಂಡದ್ದರಲ್ಲಿ ಅರ್ಧದಷ್ಟನ್ನು ಮಾತ್ರ ತುಂಬಿಸಿದ್ದ. ಟಾರ್ಪಾಲಿನ ಅಡಿಯಲ್ಲಿದ್ದ ಉಳಿದ ಕ್ಯಾನುಗಳು ಖಾಲಿಯಾಗಿದ್ದವೆಂಬುದು ದ್ವೀಪದ ಮೇಲೆ ಸಾಮಾನು ಇಳಿಸುವಾಗ ಗೊತ್ತಾಯಿತು. ಅಷ್ಟರಲ್ಲಿ ದೋಣಿ ತಿರುಗಿತ್ತು. ಮೀನುಗಾರರ ಬಿಡಾರದವರು ಒಂದು ಮಾತನ್ನೂ ಕೇಳದೆ ತಮ್ಮ ಪಾಲಿನಲ್ಲಿ ನಮಗೆ ನೀರು ಕೊಟ್ಟರು. ಹೋಗುವವರು ದಯವಿಟ್ಟು ಪ್ರತಿಯೊಂದು ಕ್ಯಾನನ್ನೂ ಕೈಯಿಂದ ಎತ್ತಿ ನೋಡಿಯೇ ದೋಣಿ ಹತ್ತಬೇಕು.

ಹತ್ತಿರದ ಕರಾವಳಿಯಿಂದ ಸುಮಾರು 28 ಕಿಲೋಮೀಟರ್ ದೂರದಲ್ಲಿರುವ ಈ ದ್ವೀಪ 1980ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಉದ್ಯಾನದ ವಿಸ್ತೀರ್ಣ 194 ಹೆಕ್ಟೇರ್ ಮಾತ್ರ. 2005ರಲ್ಲಿ ಕ್ಯಾಲಿಫೋರ್ನಿಯಾ ಕೊಲ್ಲಿಯ ಇತರ ದ್ವೀಪಗಳ ಜೊತೆಗೆ ಇದೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಮ್ಮ ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪಗಳಲ್ಲಿ ಲಾವಾ ನಿಧಾನವಾಗಿ ತಣಿದು ಕಂಬಗಳಾಗಿ ನಿಂತಿದ್ದರೆ, ಇಲ್ಲಿ ಕಾದ ಶಿಲಾರಸವು ನೀರಿಗೆ ತಾಗಿ ಸಿಡಿದುದರಿಂದ ಬೂದಿಯೂ ಕಲ್ಲುಚೂರುಗಳೂ ಪದರಪದರವಾಗಿ ಕೂತು ಗಟ್ಟಿಯಾಗಿವೆ. ಭೂಮಿಯ ಆಳದಿಂದ ಲಾವಾ ಹೊತ್ತು ತಂದ ಹಸಿರು ಬಣ್ಣದ ಕಲ್ಲುಗಂಟುಗಳು ಕೆಲವೆಡೆ ಕಪ್ಪು ಶಿಲೆಯೊಳಗೆ ಹುದುಗಿವೆ. ದಡದ ಈ ಕಡಿದಾದ ಗೋಡೆಗಳು ಬೆಳಗಿನ ಓರೆ ಬಿಸಿಲಿನಲ್ಲಿ ಅತ್ಯಂತ ಸುಂದರವಾಗಿ ಕಾಣುತ್ತವೆ. ಎಲ್ಲರೂ ಹೊಗಳುವ ಕುಳಿಯ ಕೆರೆ ಮಾತ್ರ ನನಗೆ ಅಷ್ಟೇನೂ ಹಿಡಿಸಲಿಲ್ಲ; ದುಂಡಗಿನ ಪಾಚಿ ಬಣ್ಣದ ನೀರು, ಸುತ್ತಲೂ ಗುಡ್ಡ, ಚಿತ್ರಕ್ಕೆ ಒದಗುವಂಥದ್ದು ಅದರಲ್ಲಿ ಕಡಿಮೆ.

ಬೂಬಿಗಳ ವಿಷಯಕ್ಕೆ ಬರುತ್ತೇನೆ. ಇವು ಗೂಡು ಕಟ್ಟುವುದಿಲ್ಲ. ಬರಿ ನೆಲದ ಮೇಲೆ ಮೊಟ್ಟೆಯಿಟ್ಟು, ಸುತ್ತಲೂ ತಮ್ಮ ಹಿಕ್ಕೆಯ ಬಿಳಿ ವೃತ್ತವನ್ನು ಚೆಲ್ಲಿಕೊಂಡು ಕುಳಿತುಕೊಳ್ಳುತ್ತವೆ. ಕಾವು ಕೊಡುವುದು ಹೊಟ್ಟೆಯ ಚರ್ಮದಿಂದಲ್ಲ, ಅಗಲವಾದ ಆ ನೀಲಿ ಪಾದಗಳಿಂದ. ಗಂಡು ತನ್ನ ಒಂದೊಂದೇ ಪಾದವನ್ನು ಎತ್ತಿ ತೋರಿಸುತ್ತ ನಿಧಾನವಾಗಿ ಹೆಜ್ಜೆ ಹಾಕಿ, ಕೊಕ್ಕನ್ನೂ ಬಾಲವನ್ನೂ ಆಕಾಶಕ್ಕೆ ಎತ್ತಿ, ರೆಕ್ಕೆಗಳನ್ನು ಹೊರಳಿಸಿ ಸಿಳ್ಳು ಹಾಕುತ್ತದೆ. ಹೆಣ್ಣು ಒರಟು ದನಿಯಲ್ಲಿ ಉತ್ತರಿಸುತ್ತದೆ. ನೀಲಿ ಬಣ್ಣಕ್ಕೆ ಇಷ್ಟು ಮಹತ್ವ ಏಕೆಂಬುದನ್ನು ವಿಜ್ಞಾನಿಗಳು ಇದೇ ದ್ವೀಪದಲ್ಲಿ ಕಂಡುಕೊಂಡಿದ್ದಾರೆ. ಮೆಕ್ಸಿಕೊದ ರಾಷ್ಟ್ರೀಯ ಸ್ವಾಯತ್ತ ವಿಶ್ವವಿದ್ಯಾಲಯದ ಹ್ಯೂ ಡ್ರಮಂಡ್ ಮತ್ತು ಸಹೋದ್ಯೋಗಿಗಳು 1980ರ ದಶಕದ ಆರಂಭದಿಂದ ಇಲ್ಲಿನ ಬೂಬಿಗಳ ಕಾಲಿಗೆ ಉಂಗುರ ತೊಡಿಸಿ ತಲೆಮಾರುಗಳ ಲೆಕ್ಕ ಇಡುತ್ತ ಬಂದಿದ್ದಾರೆ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ 48 ಗಂಟೆ ಆಹಾರ ಸಿಗದಿದ್ದರೆ ಸಾಕು, ಗಂಡಿನ ಪಾದಗಳ ಬಣ್ಣ ಮಂಕಾಗುತ್ತದೆ; ಮೊದಲ ಮೊಟ್ಟೆಯಿಟ್ಟ ಮೇಲೆ ಗಂಡಿನ ಪಾದಕ್ಕೆ ಮಾಸಲು ಬಣ್ಣ ಬಳಿದಾಗ ಹೆಣ್ಣು ಎರಡನೆಯ ಮೊಟ್ಟೆಯನ್ನು ಚಿಕ್ಕದಾಗಿ ಇಟ್ಟಿತು. ಮೀನು ಹಿಡಿದು ತರುವ ಗಂಡಿನ ಶಕ್ತಿಯನ್ನು ಹೆಣ್ಣು ಅವನ ಪಾದದಲ್ಲಿಯೇ ಓದಿಕೊಳ್ಳುತ್ತದೆ. ಇದನ್ನು ತಿಳಿದ ಮೇಲೆ ಆ ನೀಲಿಯನ್ನು ಕಂಪ್ಯೂಟರಿನಲ್ಲಿ ಇನ್ನಷ್ಟು ಗಾಢ ಮಾಡಿ ಹಂಚಿಕೊಳ್ಳುವ ಚಿತ್ರಗಳನ್ನು ನೋಡಲು ನನಗೆ ಮನಸ್ಸಾಗುವುದಿಲ್ಲ. ಪ್ರತಿ ಹಕ್ಕಿಯ ನೀಲಿಯೂ ಬೇರೆ, ಅದು ಇದ್ದ ಹಾಗೆಯೇ ಮೂಡಬೇಕು.

ನೋಡಲು ಕಷ್ಟವಾದ ದೃಶ್ಯವೂ ಇತ್ತು. ಮರಿಗಳು ಕೆಲವು ದಿನಗಳ ಅಂತರದಲ್ಲಿ ಒಡೆದು ಬರುವುದರಿಂದ ಹಿರಿಯದು ಎಂದಿಗೂ ದೊಡ್ಡದಾಗಿರುತ್ತದೆ. ಆಹಾರ ಕಡಿಮೆಯಾದಾಗ ಅದು ಕಿರಿಯದನ್ನು ಕುಕ್ಕಿ ಕುಕ್ಕಿ ತಲೆಯೆತ್ತದಂತೆ ಮಾಡುತ್ತದೆ, ತಾಯಿತಂದೆಗಳು ಅಡ್ಡ ಬರುವುದಿಲ್ಲ. ಇಂಥ ಒಂದು ಬೂಬಿ ಸಂಸಾರದ ಎದುರು ನಾನು ಬಹಳ ಹೊತ್ತು ಕುಳಿತಿದ್ದೆ. ತೆಗೆದ ಚಿತ್ರಗಳನ್ನು ಉಳಿಸಿಕೊಂಡಿದ್ದೇನೆ, ಏಕೆಂದರೆ ಕುಣಿಯುವ ಬೂಬಿಯನ್ನು ಮಾತ್ರ ತೋರಿಸಿದರೆ ಈ ಹಕ್ಕಿಯ ಬದುಕನ್ನು ಅರ್ಧ ಮುಚ್ಚಿಟ್ಟಂತಾಗುತ್ತದೆ.

ಒಳನಾಡಿನ ಕುರುಚಲು ಕಾಡಿನಲ್ಲಿ ಫ್ರಿಗೇಟ್ ಹಕ್ಕಿಗಳ ನೆಲೆ. ಅವು ಗೂಡು ಕಟ್ಟುವ ಮರಗಳಲ್ಲಿ ಮುಖ್ಯವಾದುದು ನಮ್ಮ ವರುಣ ವೃಕ್ಷದ ಕುಲಕ್ಕೇ ಸೇರಿದ್ದು. ತಲೆ ಎತ್ತಿದರೆ ಗೂಡು, ಕೈ ಚಾಚಿದರೆ ಮರಿ ಎಂಬಷ್ಟು ತಗ್ಗಿನಲ್ಲಿ ಅವು ಕುಳಿತಿರುತ್ತವೆ. ಎರಡು ಮೀಟರಿಗೂ ಮಿಕ್ಕ ರೆಕ್ಕೆಯ ಹರವುಳ್ಳ ಈ ಹಕ್ಕಿಯ ಗರಿಗಳು ನೀರನ್ನು ತಡೆಯುವುದಿಲ್ಲವಾದ್ದರಿಂದ ಅದು ಕಡಲಿನ ಮೇಲೆ ಇಳಿಯುವಂತಿಲ್ಲ; ಬೂಬಿಗಳನ್ನು ಅಟ್ಟಿಸಿಕೊಂಡು ಹೋಗಿ ಅವು ಕಕ್ಕಿದ ಮೀನನ್ನು ಗಾಳಿಯಲ್ಲೇ ಹಿಡಿಯುವುದೂ ಅದರ ಜೀವನೋಪಾಯ. ಗಂಡು ತನ್ನ ಕೊರಳಿನ ಕೆಂಪು ಚೀಲವನ್ನು ಊದಿ ಕುಳಿತಾಗ ಹಿಂದಿನಿಂದ ಬಿಸಿಲು ಬಿದ್ದರೆ ಆ ಚೀಲದ ಒಳಗೇ ದೀಪ ಹಚ್ಚಿದಂತೆ ಕಾಣುತ್ತದೆ. ಕಪ್ಪು ಗರಿಯ ವಿವರಕ್ಕಾಗಿ ಬೆಳಕನ್ನು ಹೆಚ್ಚಿಸಿದರೆ ಕೆಂಪು ಪೂರ್ತಿ ಕೆಟ್ಟುಹೋಗುತ್ತದೆ; ಕೆಂಪಿಗೆ ಅಳತೆ ಹೊಂದಿಸಿ ಕಪ್ಪನ್ನು ಕಪ್ಪಾಗಿಯೇ ಬಿಡುವುದು ಉತ್ತಮ. ಉದ್ದನೆಯ ಲೆನ್ಸ್ ಇಲ್ಲಿ ಬರೀ ಭಾರ. 70-200 ಮಿ.ಮೀ. ಲೆನ್ಸ್ ಒಂದೇ ಸಾಕಾಗುತ್ತದೆ.

ಮೀನುಗಾರರ ಬಿಡಾರ ದ್ವೀಪದ ಕೊಲ್ಲಿಯೊಂದರ ಅಂಚಿನಲ್ಲಿದೆ: ಹಲಗೆ, ತಗಡು, ಟಾರ್ಪಾಲುಗಳ ಗುಡಿಸಲುಗಳು, ದಡಕ್ಕೆ ಎಳೆದಿಟ್ಟ ದೋಣಿಗಳು, ಐಸ್ ಪೆಟ್ಟಿಗೆಗಳು. ಸಾನ್ ಬ್ಲಾಸ್, ಬೋಕಾ ದೆ ಕಮಿಚಿನ್ ಮೊದಲಾದ ಊರುಗಳಿಂದ ಬಂದವರು ಇಲ್ಲಿ ತಂಗಿ ಮೀನು ಹಿಡಿದು ಮರಳುತ್ತಾರೆ. ನೀರು ಕೊಟ್ಟವರಲ್ಲಿ ಹಿರಿಯರೊಬ್ಬರು ಬಲೆಯ ಹರುಕನ್ನು ಹೆಣೆಯುತ್ತ ಕುಳಿತಿದ್ದಾಗ ನಾವು ಅವರ ಪಕ್ಕದಲ್ಲಿ ಕುಳಿತೆವು, ಆ ಮಧ್ಯಾಹ್ನವೆಲ್ಲ ಮಾತಿನಲ್ಲಿಯೇ ಕಳೆಯಿತು. ನನ್ನ ತಮ್ಮ ಅವರನ್ನು ದೋನ್ ಎಂದು ಗೌರವದಿಂದ ಸಂಬೋಧಿಸಿ, ಅವರ ಉತ್ತರಗಳನ್ನು ನನಗೆ ಕನ್ನಡದಲ್ಲಿ ಹೇಳುತ್ತಿದ್ದ.

“ಸೆನ್ಯೋರಾ, ನಿಮ್ಮ ಊರಿನಲ್ಲಿಯೂ ಕಡಲು ಇದೆಯೇ?” ಎಂಬುದು ಅವರ ಮೊದಲ ಪ್ರಶ್ನೆ. ನಾನು ಉಡುಪಿಯ ಕಡೆಯವಳೆಂದೂ, ನಮ್ಮಲ್ಲಿ ಜೂನ್ ಮತ್ತು ಜುಲೈ ತಿಂಗಳುಗಳ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲವೆಂದೂ ಹೇಳಿದೆ. ಅವರ ಕೈ ನಿಂತಿತು. ತಮ್ಮಲ್ಲಿಯೂ ಮೇ ತಿಂಗಳಿನಿಂದ ಜುಲೈ ಕೊನೆಯವರೆಗೆ ಶಾರ್ಕ್ ಹಿಡಿಯುವುದಕ್ಕೆ ನಿಷೇಧವಿದೆ ಎಂದರು. ನಿಷೇಧದ ದಿನಗಳಲ್ಲಿ ನಿಮ್ಮವರು ಏನು ಮಾಡುತ್ತಾರೆ, ಸರ್ಕಾರ ಏನು ಕೊಡುತ್ತದೆ, ಬಲೆ ಯಾರು ಹೆಣೆಯುತ್ತಾರೆ ಎಂದು ಒಂದರ ಮೇಲೊಂದು ಕೇಳಿದರು. ನಾಡದೋಣಿಯವರು ಮಳೆಗಾಲದಲ್ಲಿಯೂ ಹೋಗುತ್ತಾರೆ, ಕಡಲು ಕೆರಳಿದರೆ ಹೋಗುವುದಿಲ್ಲ ಎಂದಾಗ ತಲೆದೂಗಿದರು.

ಹಕ್ಕಿಗಳ ಬಗ್ಗೆ ನಾನು ಕೇಳಿದೆ. ಹಿಂದೆ ಬಿಡಾರದ ಜೊತೆಗೆ ಬೆಕ್ಕುಗಳೂ ಬಂದಿದ್ದವು ಎಂದು ಅವರು ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿದರು. ನೆಲದ ಮೇಲೆ ಮೊಟ್ಟೆಯಿಡುವ ಕಪ್ಪುಬೆನ್ನಿನ ರೀವ ಹಕ್ಕಿಗಳನ್ನು ಆ ಬೆಕ್ಕುಗಳು ರಾತ್ರಿ ಹಿಡಿದು ಕೊಲ್ಲುತ್ತಿದ್ದವು. ಬೆಳಗ್ಗೆ ರೆಕ್ಕೆಗಳು ಮಾತ್ರ ಬಿದ್ದಿರುತ್ತಿದ್ದವು. 1990ರ ದಶಕದ ಉತ್ತರಾರ್ಧದಲ್ಲಿ ಬೆಕ್ಕುಗಳನ್ನು ಪೂರ್ತಿಯಾಗಿ ತೆಗೆದುಹಾಕಲಾಯಿತು. ದೋಣಿಗಳಲ್ಲಿ ಬಂದು ನೆಲೆಸಿದ್ದ ಹಡಗಿಲಿಗಳನ್ನು 2009ರಲ್ಲಿ ಹೆಲಿಕಾಪ್ಟರಿನಿಂದ ವಿಷದ ಉಂಡೆ ಚೆಲ್ಲಿ ನಿರ್ಮೂಲ ಮಾಡಿದರು. “ಇಲಿ ಹೋದ ಮೇಲೆ ನಮ್ಮ ಅಕ್ಕಿ, ಹಗ್ಗ, ಬಲೆ ಎಲ್ಲವೂ ಉಳಿದವು. ಹಕ್ಕಿಗೆ ಒಳ್ಳೆಯದಾದದ್ದು ನಮಗೂ ಒಳ್ಳೆಯದಾಯಿತು,” ಎಂದರು. ಈಗ ಊರಿನಿಂದ ಹೊರಡುವ ಮೊದಲು ಐಸ್ ಪೆಟ್ಟಿಗೆ, ಹಗ್ಗದ ಸುರುಳಿ, ಚೀಲಗಳನ್ನೆಲ್ಲ ಕೊಡವಿ ನೋಡಿಯೇ ದೋಣಿಗೆ ಹಾಕುತ್ತಾರಂತೆ. ಒಂದು ಗಬ್ಬದ ಇಲಿ ಇಳಿದರೆ ಸಾಕು, ಅಷ್ಟು ಜನರ ಅಷ್ಟು ವರ್ಷಗಳ ದುಡಿಮೆ ನೀರುಪಾಲಾಗುತ್ತದೆ.

ಈ ಮಾತಿನ ನಂತರ ಕಾಲುದಾರಿಯ ಬೂಬಿಯನ್ನು ನಾನು ಬೇರೆ ರೀತಿಯಲ್ಲಿ ನೋಡಿದೆ. ಅದರ ನಿರ್ಭಯ ಕೇವಲ ಪ್ರಕೃತಿ ಕೊಟ್ಟದ್ದೆಂದು ಭಾವಿಸಿದ್ದೆ. ಆದರೆ ಅದು ಇಂದು ನೆಮ್ಮದಿಯಿಂದ ಕೂರಲು ಈ ಗುಡಿಸಲುಗಳವರ ಎಚ್ಚರವೂ ಕಾರಣ. ಅಲ್ಲಿಗೆ ಬರುವ ಛಾಯಾಗ್ರಾಹಕರಲ್ಲಿ ಹೆಚ್ಚಿನವರು ಬಿಡಾರವನ್ನು ಚೌಕಟ್ಟಿನಿಂದ ಹೊರಗಿಡಲು ಹೆಣಗುತ್ತಾರೆ. ನಾನು ಉಳಿದ ಸಮಯವನ್ನು ಬಿಡಾರದಲ್ಲಿಯೇ ಕಳೆದೆ. ಸಂಜೆ ದೋಣಿಗಳು ಬಂದು, ಕೆಂಪು ಪಾರ್ಗೊ ಮೀನುಗಳ ಹೊಟ್ಟೆ ಬಗೆದು ಕರುಳನ್ನು ಎಸೆಯುವ ಹೊತ್ತಿಗೆ ಪೆಲಿಕನ್‌ಗಳು ಹಲಗೆಯ ಸುತ್ತ ಸರದಿ ನಿಲ್ಲುತ್ತವೆ, ಫ್ರಿಗೇಟ್‌ಗಳು ಮೇಲಿನಿಂದ ಬಾಗಿ ಬಂದು ತುಂಡನ್ನು ನೀರು ಮುಟ್ಟುವ ಮುನ್ನವೇ ಕಸಿಯುತ್ತವೆ. ಚಾಕು ಹಿಡಿದ ಕೈ, ಹಾರಿಬರುವ ಕೊಕ್ಕು, ಹಿಂದೆ ಪದರಗಲ್ಲಿನ ಕಪ್ಪು ಗೋಡೆ ಮೂರೂ ಒಂದೇ ಚೌಕಟ್ಟಿನಲ್ಲಿರುವ ಚಿತ್ರ ಈ ಪ್ರವಾಸದಲ್ಲಿ ನಾನು ತೆಗೆದವುಗಳಲ್ಲೆಲ್ಲ ಅತ್ಯುತ್ತಮವಾದುದು.

ಜನವರಿಯಿಂದ ಮಾರ್ಚ್‌ವರೆಗಿನ ಸಮಯ ಒಳ್ಳೆಯದು. ಬೂಬಿಗಳ ಕುಣಿತ, ಮೊಟ್ಟೆ, ಮರಿ ಎಲ್ಲವೂ ಒಟ್ಟಿಗೇ ಕಾಣುತ್ತವೆ, ದಾರಿಯಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳೂ ಸಿಗಬಹುದು. ಹೊರಡುವ ಮೊದಲು ಚೀಲಗಳನ್ನು ದಡದಲ್ಲಿಯೇ ತೆರೆದು ಕೊಡವಬೇಕು. ನಿಮಗೆ ಬೇಕಾದುದಕ್ಕಿಂತ ಒಂದೆರಡು ಕ್ಯಾನ್ ನೀರನ್ನು ಹೆಚ್ಚಾಗಿಯೇ ಒಯ್ದು ಬಿಡಾರದಲ್ಲಿ ಬಿಟ್ಟು ಬನ್ನಿ. ನಾವು ಅವರಿಂದ ಪಡೆದಷ್ಟು ನೀರನ್ನೂ, ಆ ಸಂಜೆಯ ಚಿತ್ರಗಳ ಮುದ್ರಿತ ಪ್ರತಿಗಳನ್ನೂ ನನ್ನ ತಮ್ಮ ಸಾನ್ ಬ್ಲಾಸಿನ ಧಕ್ಕೆಯಿಂದ ದ್ವೀಪಕ್ಕೆ ಹೊರಟ ಇನ್ನೊಂದು ದೋಣಿಯಲ್ಲಿ ಕಳುಹಿಸಿಕೊಟ್ಟಿದ್ದಾನೆ.