ಗ್ರೀನ್ಸ್‌ಬರೊದ ಕೈಲ್ ಹೈನ್ಸ್

ವಾರ್ಷಿಕ ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳ ಪುಟ ಮಾಡುತ್ತಿದ್ದೇವೆ, ನೆನಪಿನ ಲೇಖನ ಕೊಡಿ ಎಂದು ಸಂಪಾದಕರು ಕೇಳಿದರು. ಇಲ್ಲಿನ ಹಾಸ್ಟೆಲ್, ಕ್ಯಾಂಟೀನು, ಮೇಷ್ಟ್ರುಗಳ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರಿದ್ದಾರೆ. ಇಲ್ಲಿಂದ ಹೋದ ಮೇಲೆ ನಾನು ಓದಿದ ಇನ್ನೊಂದು ಕಾಲೇಜಿನಲ್ಲಿದ್ದ ಆಟಗಾರನೊಬ್ಬನ ಬಗ್ಗೆ ಬರೆಯುತ್ತೇನೆ ಎಂದೆ, ಅವರೂ ಒಪ್ಪಿದರು. ನಮ್ಮ ಕೋರ್ಟಿನಲ್ಲಿ ಸಂಜೆ ಬ್ಯಾಸ್ಕೆಟ್‌ಬಾಲ್ ಆಡುವ ಮಕ್ಕಳಿಗೆ ಈ ಹೆಸರು ಗೊತ್ತಾಗಬೇಕು ಅನ್ನುವುದು ನನ್ನ ಬಹಳ ದಿನದ ಆಸೆ.

ಆತನ ಹೆಸರು ಕೈಲ್ ಹೈನ್ಸ್, ಊರು ನ್ಯೂಜೆರ್ಸಿಯ ಸಿಕ್ಲರ್‌ವಿಲ್. 2004ರಿಂದ 2008ರವರೆಗೆ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಗ್ರೀನ್ಸ್‌ಬರೊ ಕ್ಯಾಂಪಸ್ಸಿನ ತಂಡಕ್ಕೆ ಆಡಿದ. ಅದರಲ್ಲಿ ಕೊನೆಯ ಎರಡು ವರ್ಷ ನಾನೂ ಅಲ್ಲಿ ಎಂ.ಎಸ್. ಓದುತ್ತಿದ್ದೆ. ಆ ಸೀಮೆಯಲ್ಲಿ ಬ್ಯಾಸ್ಕೆಟ್‌ಬಾಲ್ ಅಂದರೆ ಕೊಡಗಿನಲ್ಲಿ ಹಾಕಿ ಇದ್ದ ಹಾಗೆ. ಕಾರಿನಲ್ಲಿ ಒಂದು ತಾಸು ಹೋದರೆ ಈ ಆಟಕ್ಕೇ ಹೆಸರಾದ ವಿಶ್ವವಿದ್ಯಾಲಯಗಳು, ಚಾಪೆಲ್ ಹಿಲ್, ಡ್ಯೂಕ್. ಟೀವಿ, ಪೇಪರು ಎಲ್ಲ ಅವರದೇ. ನಮ್ಮದು 1891ರಲ್ಲಿ ಹೆಣ್ಣುಮಕ್ಕಳ ಕಾಲೇಜಾಗಿ ಶುರುವಾಗಿ, 1960ರ ದಶಕದಲ್ಲಷ್ಟೇ ಗಂಡುಮಕ್ಕಳನ್ನು ಸೇರಿಸಿಕೊಂಡ ಸಂಸ್ಥೆ. ಪುರುಷರ ತಂಡಕ್ಕೆ ಹೇಳಿಕೊಳ್ಳುವಂಥ ಚರಿತ್ರೆ ಇರಲಿಲ್ಲ. ಪಂದ್ಯಗಳು ನಡೆಯುತ್ತಿದ್ದದ್ದು ಕ್ಯಾಂಪಸ್ಸಿನೊಳಗಿನ ಫ್ಲೆಮಿಂಗ್ ಜಿಮ್ನೇಸಿಯಂ ಅನ್ನುವ ಸಣ್ಣ ಒಳಾಂಗಣದಲ್ಲಿ. ಕೋರ್ಟಿಗೆ ಅಷ್ಟು ಹತ್ತಿರ ಕೂತರೆ ಶೂಗಳು ಕಿರುಗುಟ್ಟುವುದು, ಆಟಗಾರರು ಒಬ್ಬರಿಗೊಬ್ಬರು ಕೂಗಿ ಹೇಳುವುದು ಎಲ್ಲ ಕಿವಿಗೆ ಬೀಳುತ್ತದೆ.

ಹೈನ್ಸ್ ಎತ್ತರ 6 ಅಡಿ 6 ಅಂಗುಲ. ನಮ್ಮ ಕಣ್ಣಿಗೆ ಆಳು ದೈತ್ಯನೇ. ಆದರೆ ಅಲ್ಲಿ ಸೆಂಟರ್, ಅಂದರೆ ರಿಂಗಿನ ಹತ್ತಿರ ನಿಂತು ಆಡುವವನಿಗೆ ಆ ಎತ್ತರ ಸಾಲದು. ಏಳಡಿಯ ಹತ್ತಿರ ಇರುವವರ ಪಕ್ಕ ನಿಂತು ಆತ ರಿಬೌಂಡ್, ಅಂದರೆ ಗುರಿ ತಪ್ಪಿ ಪುಟಿದ ಚೆಂಡು, ಹಿಡಿಯುವುದನ್ನು ನೋಡಬೇಕಿತ್ತು. ಶಾಟ್ ಕೈಬಿಟ್ಟ ಕ್ಷಣ ಉಳಿದವರೆಲ್ಲ ತಲೆಯೆತ್ತಿ ಚೆಂಡು ನೋಡುತ್ತಿದ್ದರೆ, ಆತ ಮೊದಲು ಎದುರಾಳಿಯ ತೊಡೆಗೆ ತನ್ನ ಸೊಂಟ ಕೊಟ್ಟು ಜಾಗ ಹಿಡಿಯುತ್ತಿದ್ದ. ಆಮೇಲೆ ಹಾರುತ್ತಿದ್ದ. ಉದ್ದ ತೋಳು, ಅಗಲ ಭುಜ ಇದ್ದದ್ದು ನಿಜ. ಆದರೆ ಕೆಲಸ ಮಾಡುತ್ತಿದ್ದದ್ದು ಪಾದ.

ನಾಲ್ಕು ವರ್ಷದಲ್ಲಿ 2,000ಕ್ಕೂ ಹೆಚ್ಚು ಅಂಕ, 1,000ಕ್ಕೂ ಹೆಚ್ಚು ರಿಬೌಂಡ್, 300ಕ್ಕೂ ಹೆಚ್ಚು ಬ್ಲಾಕ್ (ಎದುರಾಳಿಯ ಶಾಟ್ ತಡೆದದ್ದು). ಅಮೆರಿಕದ ಕಾಲೇಜು ಆಟದಲ್ಲಿ ಈ ಮೂರನ್ನೂ ದಾಟಿದವರು ಬೆರಳೆಣಿಕೆಯಷ್ಟು ಮಂದಿ, ಮುಂದೆ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ದೊಡ್ಡ ಹೆಸರಾದ ಟಿಮ್ ಡಂಕನ್, ಡೇವಿಡ್ ರಾಬಿನ್ಸನ್ ಅಂಥವರು. ನಾವು ಆಡುತ್ತಿದ್ದ ಸದರ್ನ್ ಕಾನ್ಫರೆನ್ಸ್ ಎಂಬ ಕಾಲೇಜುಗಳ ಗುಂಪಿನಲ್ಲೇ ಡೇವಿಡ್ಸನ್ ಕಾಲೇಜೂ ಇತ್ತು. ಅಲ್ಲಿ ಸ್ಟೀಫನ್ ಕರಿ ಎಂಬ ಸಣಕಲು ಹುಡುಗ ಆಗತಾನೇ ಸೇರಿದ್ದ. 2007ರಲ್ಲಿ ಕಾನ್ಫರೆನ್ಸಿನ ಅತ್ಯುತ್ತಮ ಆಟಗಾರನ ಗೌರವ ಹೈನ್ಸ್‌ಗೆ ಬಂತು, ಮುಂದಿನ ಎರಡು ವರ್ಷ ಕರಿಗೆ. ಮುಂದೆ ಎನ್‌ಬಿಎಯಲ್ಲಿ ಕರಿ ಎಲ್ಲಿ ತಲುಪಿದ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

2008ರ ಎನ್‌ಬಿಎ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಆರಿಸುವಾಗ, 60 ಹೆಸರು ಕರೆದರು. ಅದರಲ್ಲಿ ಹೈನ್ಸ್ ಹೆಸರು ಇರಲಿಲ್ಲ. ನನಗೆ ಆವತ್ತು ಆದ ಸಂಕಟ ಈಗಲೂ ನೆನಪಿದೆ. ಆತ ಹೋಗಿದ್ದು ಇಟಲಿಗೆ, ರೋಮ್‌ನ ಆಗ್ನೇಯಕ್ಕಿರುವ ವೆರೋಲಿ ಎಂಬ ಬೆಟ್ಟದ ಪಟ್ಟಣದ ತಂಡಕ್ಕೆ, ಅದೂ ಎರಡನೇ ದರ್ಜೆಯ ಲೀಗಿಗೆ. ಭಾಷೆ ಬೇರೆ, ಊಟ ಬೇರೆ. ಹೊರದೇಶದ ಆಟಗಾರ ಚೆನ್ನಾಗಿ ಆಡದಿದ್ದರೆ ಸೀಸನ್ನಿನ ನಡುವೆಯೇ ಮನೆಗೆ ಕಳಿಸುವ ಪದ್ಧತಿ ಅಲ್ಲಿ ಸಾಮಾನ್ಯ. ಆತ ಎರಡು ವರ್ಷ ನಿಂತ. ಅಲ್ಲಿಂದ ಜರ್ಮನಿಯ ಬಾಂಬರ್ಗ್. ಊರು ಸಣ್ಣದು, ಬ್ಯಾಸ್ಕೆಟ್‌ಬಾಲ್ ಹುಚ್ಚು ಮಾತ್ರ ವಿಪರೀತ. 2011ರಲ್ಲಿ ಆ ತಂಡ ಲೀಗ್, ಕಪ್ ಎರಡನ್ನೂ ಗೆದ್ದಿತು. ಅದೇ ವರ್ಷ ಗ್ರೀಸಿನ ಒಲಿಂಪಿಯಾಕೋಸ್ ಆತನನ್ನು ಕರೆಸಿಕೊಂಡಿತು.

2012ರ ಮೇ ತಿಂಗಳಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ, ಯೂರೋಪಿನ ಕ್ಲಬ್‌ಗಳ ಅತಿ ದೊಡ್ಡ ಲೀಗಾದ ಯೂರೋಲೀಗಿನ ಫೈನಲ್ ಬಗ್ಗೆ ಹೇಳದೆ ಮುಂದೆ ಹೋಗುವ ಮನಸ್ಸಿಲ್ಲ. ಎದುರಿಗೆ ಸಿಎಸ್‌ಕೆಎ ಮಾಸ್ಕೋ, ಆ ವರ್ಷ ಎಲ್ಲರೂ ಕಪ್ ಅವರದೇ ಅಂದುಕೊಂಡಿದ್ದ ತಂಡ. ಮೂರನೇ ಕ್ವಾರ್ಟರಿನಲ್ಲಿ ಒಲಿಂಪಿಯಾಕೋಸ್ 19 ಅಂಕ ಹಿಂದೆ ಬಿದ್ದಿತ್ತು. ಅಲ್ಲಿಂದ ಡಿಫೆನ್ಸ್ ಬಿಗಿ ಮಾಡುತ್ತ ಒಂದೊಂದೇ ಬುಟ್ಟಿ ಹಾಕಿ ಹತ್ತಿರ ಬಂದರು. ಕೊನೆಗಳಿಗೆಯಲ್ಲಿ ಮಾಸ್ಕೋದ ಸಿಸ್ಕೌಸ್ಕಸ್ ಎರಡು ಫ್ರೀ ಥ್ರೋ ತಪ್ಪಿಸಿದ. ಒಲಿಂಪಿಯಾಕೋಸಿನ ಗಾರ್ಡ್ ಸ್ಪನೌಲಿಸ್ ನುಗ್ಗಿ ಹೋಗಿ ಚೆಂಡನ್ನು ತನ್ನ ಜೊತೆಗಾರ ಪ್ರಿಂಟೆಜಿಸ್‌ಗೆ ಕೊಟ್ಟ. ಪ್ರಿಂಟೆಜಿಸ್ ಎತ್ತಿ ಹಾಕಿದ ಶಾಟ್ ರಿಂಗಿನೊಳಗೆ ಬಿದ್ದಾಗ ಗಡಿಯಾರದಲ್ಲಿ ಉಳಿದದ್ದು 0.7 ಸೆಕೆಂಡ್. 62–61. ಫ್ಲೆಮಿಂಗ್‌ನಲ್ಲಿ ನಾವು ಕೂಗಿ ಹುರಿದುಂಬಿಸಿದ್ದ ಹುಡುಗ ಯೂರೋಪಿನ ಚಾಂಪಿಯನ್ ಆಗಿದ್ದ. ಮರುವರ್ಷ ಲಂಡನ್ನಿನಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ ಮತ್ತೆ ಕಪ್.

ಕಾಲೇಜಿನಲ್ಲಿ ಪ್ರತಿ ಸಲ ಚೆಂಡು ಆತನ ಕೈಗೇ ಹೋಗುತ್ತಿತ್ತು, ಇಡೀ ತಂಡದ ಭಾರ ಆತನ ಮೇಲಿತ್ತು. ಯೂರೋಪಿನಲ್ಲಿ ಆತ ದೊಡ್ಡವನಾದದ್ದು ಆ ಚೆಂಡನ್ನು ಬೇರೆಯವರಿಗೆ ಬಿಟ್ಟುಕೊಟ್ಟು. ಇದನ್ನು ನಾನು ಆತನ ಎಲ್ಲ ಕಪ್‌ಗಳಿಗಿಂತ ಮೇಲೆ ಇಡುತ್ತೇನೆ. ಒಂದು ಸ್ಕ್ರೀನನ್ನೇ, ಅಂದರೆ ಜೊತೆಗಾರನ ಬೆನ್ನಟ್ಟಿದವನಿಗೆ ಅಡ್ಡ ನಿಲ್ಲುವುದನ್ನೇ, ತೆಗೆದುಕೊಳ್ಳಿ. ಸ್ಪನೌಲಿಸ್ ಡ್ರಿಬಲ್ ಮಾಡುತ್ತ ಬರುತ್ತಾನೆ. ಹೈನ್ಸ್ ಓಡಿಬಂದು ಪಾದ ಅಗಲಿಸಿ, ಕೈಗಳನ್ನು ಎದೆಗೆ ಹಿಡಿದು ಅಲುಗಾಡದೆ ನಿಲ್ಲುತ್ತಾನೆ. ಸ್ಪನೌಲಿಸ್‌ನ ಭುಜ ಆತನ ಸೊಂಟಕ್ಕೆ ಸವರಿಕೊಂಡೇ ದಾಟುತ್ತದೆ, ಬೆನ್ನಟ್ಟಿದವನಿಗೆ ನುಸುಳಲು ಸಂದಿ ಸಿಗುವುದಿಲ್ಲ. ಮರುಗಳಿಗೆಯಲ್ಲಿ ಹೈನ್ಸ್ ಒಳಗಾಲ ಮೇಲೆ ತಿರುಗಿ ರಿಂಗಿನ ಕಡೆ ಉರುಳಿರುತ್ತಾನೆ, ಒಂದು ಕೈ ಮೇಲೆ. ಅವನನ್ನು ತಡೆಯಲು ಒಬ್ಬ ಒಳಗೆ ಸರಿಯಲೇಬೇಕು, ಸರಿದರೆ ಮೂಲೆಯಲ್ಲೊಬ್ಬ ಶೂಟರ್ ಖಾಲಿ. ಬುಟ್ಟಿ ಬೀಳುತ್ತದೆ. ಸ್ಕೋರ್ ಶೀಟಿನಲ್ಲಿ ಹೈನ್ಸ್ ಹೆಸರಿನ ಮುಂದೆ ಏನೂ ಇರುವುದಿಲ್ಲ.

ಡಿಫೆನ್ಸಿನಲ್ಲಿ ಇನ್ನೂ ಸೊಗಸು. ಯಾವ ಎತ್ತರ ಸಾಲದು ಎಂದಿದ್ದರೋ ಅದೇ ಅನುಕೂಲವಾಯಿತು. ಏಳಡಿಯ ಸೆಂಟರ್ ಹೊರಗೆ ಬಂದು, ಚೆಂಡು ನಡೆಸುವ ಪುಟ್ಟ ಗಾರ್ಡ್‌ನ ಎದುರು ನಿಂತರೆ ಕಾಲು ತೊಡರುತ್ತದೆ. ಹೈನ್ಸ್ ಮೊಣಕಾಲು ಬಗ್ಗಿಸಿ, ಕುಳ್ಳಗಾಗಿ, ಗಾರ್ಡ್‌ನ ಜೊತೆಗೇ ಪಕ್ಕಕ್ಕೆ ಜಾರುತ್ತಿದ್ದ. ಮುಂದೆ ಆತ ಸೇರಿದ್ದು ಅದೇ ಸಿಎಸ್‌ಕೆಎಗೆ. 2013ರಿಂದ 2020ರವರೆಗೆ ಏಳು ಸೀಸನ್ ಅಲ್ಲಿದ್ದು 2016, 2019ರಲ್ಲಿ ಇನ್ನೆರಡು ಯೂರೋಲೀಗ್ ಗೆದ್ದ. ಲೀಗಿನ ಅತ್ಯುತ್ತಮ ಡಿಫೆಂಡರ್ ಪ್ರಶಸ್ತಿ ಮೂರು ಬಾರಿ. ಮೂರನೆಯದು ಬಂದಾಗ ಆತ ಮಿಲಾನೋ ತಂಡದಲ್ಲಿದ್ದ, ವಯಸ್ಸು 35. ಅಲ್ಲಿಯೇ 2022ರಿಂದ ಸತತ ಮೂರು ಇಟಲಿ ಲೀಗ್ ಗೆದ್ದು 2024ರಲ್ಲಿ ನಿವೃತ್ತನಾದ.

ಎನ್‌ಬಿಎಯಲ್ಲಿ ಆತ ಒಂದು ಪಂದ್ಯವನ್ನೂ ಆಡಲಿಲ್ಲ. ಇದನ್ನು ಕೇಳಿದೊಡನೆ ಕೆಲವರು ಅಯ್ಯೋ ಅನ್ನುತ್ತಾರೆ. ಆ ಅನುಕಂಪವನ್ನು ನಾನು ಒಪ್ಪುವುದಿಲ್ಲ. ಅಥೆನ್ಸಿನ ಪಕ್ಕದ ಪಿರೇಯಸ್‌ನಲ್ಲೋ ಮಾಸ್ಕೋದಲ್ಲೋ ಆತನ ಹೆಸರು ಹೇಳಿ ನೋಡಿ, ಅಯ್ಯೋ ಅನ್ನುವವರು ಯಾರೂ ಸಿಗಲಾರರು.

ಈಗ ನಮ್ಮ ತಂಡದ ಮಕ್ಕಳಿಗೊಂದು ಮಾತು. ಯೂರೋಲೀಗಿನ ಆಟವೂ ನಿಮ್ಮ ಅಂತರಕಾಲೇಜು ಪಂದ್ಯದ ಹಾಗೆಯೇ, ಹತ್ತತ್ತು ನಿಮಿಷದ ನಾಲ್ಕು ಕ್ವಾರ್ಟರ್. ಮುಂದಿನ ಸಲ ನಾನು ಊರಿಗೆ ಬಂದಾಗ 2012ರ ಆ ಫೈನಲನ್ನು ಎಲ್ಲರೂ ಕೂತು ಪೂರ್ತಿ ನೋಡೋಣ. ಚೆಂಡು ಎಲ್ಲಿದೆ ಎಂದು ಹುಡುಕಬೇಡಿ, ಹೈನ್ಸ್‌ನ ಪಾದ ಎಲ್ಲಿದೆ ನೋಡಿ. ತಂಡದಲ್ಲಿ ಸೆಂಟರ್ ಆಡುತ್ತಿದ್ದು, ನಾನು ಕುಳ್ಳ, ನಾನು ಕುಳ್ಳಿ ಅಂದುಕೊಂಡವರು ಯಾರಿದ್ದೀರೋ, ನೀವು ಮುಂದಿನ ಸಾಲಿನಲ್ಲಿ ಕೂರಿ.