11 ಸೆಕೆಂಡ್ ಸುಮ್ಮನಿರೋಕೆ ಆಗಲಿಲ್ಲ

ಮೊನ್ನೆ ಹಾರ್ಡ್ ಡಿಸ್ಕ್ ಖಾಲಿ ಮಾಡಲು ಕೂತಾಗ ಆ ರಾತ್ರಿಯ ರೆಕಾರ್ಡಿಂಗ್ ಸಿಕ್ಕಿತು. ಅಳಿಸೋಣ ಅಂದುಕೊಂಡವನು ಒಮ್ಮೆ ಹಾಕಿ ನೋಡಿದೆ. ಎರಡು ವರ್ಷ ಆಗಿದೆ. ಆದರೂ ಆ ಜಾಗ ಹತ್ತಿರ ಬರುತ್ತಿದ್ದ ಹಾಗೆ ಕೈ ತಾನಾಗಿ ಸ್ಪೇಸ್ ಬಾರ್ ಕಡೆ ಹೋಯಿತು, ನಿಲ್ಲಿಸಲು. ಅವತ್ತು ಕೆಲಸ ಕೆಟ್ಟಿದ್ದೂ ಅದೇ ಸ್ಪೇಸ್ ಬಾರ್ ಒತ್ತಿ.

ವಾರದ ದಿನಗಳಲ್ಲಿ ನಾನು ಹೋಟೆಲ್ ಕಾನ್ಫರೆನ್ಸ್‌ಗಳಿಗೆ ಸೌಂಡ್ ಮಾಡುತ್ತೇನೆ. ತಿಂಗಳಿಗೊಂದು ಶನಿವಾರ ನ್ಯೂಜೆರ್ಸಿಯ ಒಂದು ಪುಟ್ಟ ಇಂಡಿ (ಸ್ವತಂತ್ರ) ರೆಸ್ಲಿಂಗ್ ಕಂಪನಿಗೆ. ಹಳೇ ಹಾಲ್, 200 ಮಡಚುವ ಕುರ್ಚಿ, ನಡುವೆ ರಿಂಗ್, ಮೂಲೆಯಲ್ಲಿ ಸೋಡಾ ಕ್ಯಾನ್ ಇಡುವ ಒಂದು ಗಾಜಿನ ಬಾಗಿಲ ಫ್ರಿಜ್. ಕರ್ಟನ್ ಪಕ್ಕದಲ್ಲಿ ನನ್ನ ಟೇಬಲ್: ಮಿಕ್ಸರ್, ಲ್ಯಾಪ್‌ಟಾಪ್, ಎರಡು ವೈರ್‌ಲೆಸ್ ಮೈಕ್, ಒಂದು ಹೆಡ್‌ಸೆಟ್. ಪುತ್ತೂರಿನಿಂದ ಅಮ್ಮ ಫೋನ್ ಮಾಡಿದಾಗಲೆಲ್ಲ, "ಅದೆಲ್ಲ ಮೊದಲೇ ಮಾತಾಡಿ ಹೊಡೆದುಕೊಳ್ಳುವುದಲ್ವಾ ಮಾರಾಯ?" ಎಂದು ಕೇಳುತ್ತಾರೆ. ಹೊಡೆದುಕೊಳ್ಳುವುದು ಹೌದಮ್ಮ. ಮಾತಾಡುವುದನ್ನು ಮಾತ್ರ ಅಷ್ಟೆಲ್ಲ ಮಾತಾಡಿಕೊಂಡಿರುವುದಿಲ್ಲ.

ಅದು ನಿಜ. ದೊಡ್ಡ ಕಂಪನಿಗಳಲ್ಲಿ ಪ್ರೋಮೋ, ಅಂದರೆ ಮೈಕ್ ಹಿಡಿದು ಎದುರಾಳಿಗೆ ಸವಾಲು ಹಾಕುವ ಮಾತು, ಬರೆದುಕೊಡಲು ರೈಟರ್‌ಗಳಿದ್ದಾರೆ. ನಮ್ಮಲ್ಲಿ ಬುಲೆಟ್ ಪಾಯಿಂಟ್ ಮಾತ್ರ. ಯಾರ ಜೊತೆ, ಯಾಕೆ, ಯಾವಾಗ. ಯಾರ ಮೇಲೆ ಯಾರು, ಗೆಲ್ಲೋದು ಯಾರು ಅಂತ ನಿರ್ಧರಿಸುವ ಬುಕರ್‌ಗೆ ಕೊನೆಯದೇ ಮುಖ್ಯ. "ತಾರೀಖು ಮರೀಬೇಡಿ" ಅಂತ ಕರ್ಟನ್ ಹತ್ತಿರ ನಿಂತು ಎಲ್ಲರಿಗೂ ಹೇಳುತ್ತಾರೆ. ಹಿಂದೆ ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ಕಂಪನಿ ಇದ್ದ ಟೆರಿಟರಿ ಕಾಲದಲ್ಲೂ ಹಾಗೇ ಇತ್ತಂತೆ. ಟಿವಿ ಕ್ಯಾಮೆರಾ ಮುಂದೆ ನಿಂತು ಒಂದೊಂದು ಊರಿಗೆ ಒಂದೊಂದು ಪ್ರೋಮೋ. ಊರು ಬದಲು, ತಾರೀಖು ಬದಲು, ಸಿಟ್ಟು ಅದೇ. ಟಿಕೆಟ್ ಮಾರಾಟ ಆಗಬೇಕಲ್ಲ.

ಉಳಿದಿದ್ದು ನಿಂತ ಜಾಗದಲ್ಲಿ ಹುಟ್ಟಬೇಕು. 1996ರ ಜೂನ್ 23, ಮಿಲ್ವಾಕಿ. ರೆಸ್ಲರ್ ಸ್ಟೀವ್ ಆಸ್ಟಿನ್ ಒಂದು ಪಂದ್ಯದ ನಡುವೆ ತುಟಿ ಹರಿದುಕೊಂಡು ಆಸ್ಪತ್ರೆಗೆ ಹೋಗಿ ಹೊಲಿಗೆ ಹಾಕಿಸಿಕೊಂಡು ಬಂದ. ಬರುವಷ್ಟರಲ್ಲಿ ಫೈನಲ್‌ನ ಎದುರಾಳಿ ಜೇಕ್ ರಾಬರ್ಟ್ಸ್ ಬೈಬಲ್ ಹಿಡಿದು ಏನೋ ಮಾತಾಡಿದ್ದಾನೆ ಅಂತ ಯಾರೋ ಹೇಳಿದರು. ಗೆದ್ದ ಮೇಲೆ ಅದಕ್ಕೇ ತಿರುಗೇಟು ಕೊಟ್ಟ. ಬೈಬಲ್‌ನ ಯೋಹಾನ 3:16 ವಚನವನ್ನು ಅಣಕಿಸುವ "ಆಸ್ಟಿನ್ 3:16" ಅನ್ನೋದು ಹುಟ್ಟಿದ್ದು ಹಾಗೆ. ಆಮೇಲೆ ಅದೇ ಮಾತು ಬರೆದ ಟೀ ಶರ್ಟ್ ಎಷ್ಟು ಮಾರಾಟ ಆಯಿತು ಅಂತ ಕೇಳಲೇಬೇಡಿ.

ಅವತ್ತಿನ ವಿಷಯಕ್ಕೆ ಬರುತ್ತೇನೆ.

ಫೇಸ್ ಟು ಫೇಸ್ ಸೆಗ್ಮೆಂಟ್. ಒಂದು ಕಡೆ ಐವತ್ತು ದಾಟಿದ ಹೀಲ್, ಅಂದರೆ ವಿಲನ್. ಮನಸ್ಸಿನಲ್ಲೇ ನಾನವನನ್ನು ಗಡ್ಡದ ಮಾಮ ಅಂತ ಕರೆಯುತ್ತೇನೆ. ಇನ್ನೊಂದು ಕಡೆ 24ರ ಹುಡುಗ, ನಮ್ಮ ಬೇಬಿಫೇಸ್, ಅಂದರೆ ಹೀರೋ. ಅವನಿಗೆ ಬಂಪ್ ತಗೊಳ್ಳೋದು (ಪೆಟ್ಟಾಗದ ಹಾಗೆ ಬೀಳೋದು) ಕಲಿಸಿದವನು ಗಡ್ಡದ ಮಾಮನೇ. ಯಾವುದು ಯಾವಾಗ ಅಂತ ಬರೆದ ರನ್ ಶೀಟ್‌ನಲ್ಲಿ ಇದ್ದದ್ದು ಇಷ್ಟು: "6 ನಿಮಿಷ. ಹುಡುಗ ತಾರೀಖು ಹೇಳಿದ ತಕ್ಷಣ ಅವನ ಮ್ಯೂಸಿಕ್." ಈ ರನ್ ಶೀಟ್ ಕೂಡ ಡೋರ್ ಓಪನ್ ಆಗಿ ಮುಕ್ಕಾಲು ಗಂಟೆ ಆದ ಮೇಲೆ ವಾಟ್ಸಾಪ್ ಗ್ರೂಪ್‌ಗೆ ಬಿದ್ದಿದ್ದು. ಅದು ಮೂರನೇ ಆವೃತ್ತಿ. ಅದಕ್ಕೂ ಮುಂಚಿನ ಟ್ಯಾಗ್ ಮ್ಯಾಚ್ 9 ನಿಮಿಷ ಜಾಸ್ತಿ ಹೋಗಿತ್ತು. ರೆಫರಿ ಗೋ ಹೋಮ್ (ಇನ್ನು ಮುಗಿಸಿ) ಹೇಳಿದರೂ ಆ ನಾಲ್ವರಿಗೆ ಕಿವಿ ಕೇಳಿಸಲಿಲ್ಲ. ಹಾಲ್ 10:30ಕ್ಕೆ ಬಿಟ್ಟುಕೊಡಬೇಕು. ಮೇನ್ ಇವೆಂಟ್ ಇನ್ನೂ ಬಾಕಿ. ಹೆಡ್‌ಸೆಟ್‌ನಲ್ಲಿ ಬುಕರ್ ಉಸಿರಾಡುವುದೇ ನನಗೆ ಕೇಳಿಸುತ್ತಿತ್ತು.

ಶುರುವಿನ ನಾಲ್ಕು ನಿಮಿಷ ಮಾಮೂಲಿ. ಮಾಮ ಊರಿನ ಫುಟ್‌ಬಾಲ್ ಟೀಮನ್ನು ಬೈದ, ಜನ ಬೂ ಅಂದರು. ಹುಡುಗ ಏನೋ ಜೋಕ್ ಮಾಡಿದ, ಜನ ನಕ್ಕರು. ಆಮೇಲೆ ಮಾಮ ಮೈಕನ್ನು ಗದ್ದಕ್ಕೆ ತಾಗುವಷ್ಟು ಹತ್ತಿರ ತಂದು ದನಿ ಇಳಿಸಿದ. ನಾನು ಫೇಡರ್ ಸ್ವಲ್ಪ ಮೇಲೆತ್ತಿದೆ.

"ನನ್ನ ಮನೆ ಸೋಫಾದ ಮೇಲೆ ನೀನು ಎಂಟು ತಿಂಗಳು ಮಲಗಿದ್ದೆ. ನನ್ನ ಹೆಂಡತಿ ದಿನಾ ಬೆಳಿಗ್ಗೆ ನಿನಗೆ ಮೊಟ್ಟೆ ಮಾಡಿ ಹಾಕುತ್ತಿದ್ದಳು. ಅವಳ ಮಣ್ಣಿಗೆ ನೀನು ಬರಲಿಲ್ಲ. ಬುಕಿಂಗ್ ಇದೆ ಅಂದೆ." ಸ್ವಲ್ಪ ಬಿಟ್ಟು, "ಎಷ್ಟು ಕೊಟ್ಟರು? 40 ಡಾಲರ್?"

ಇದು ವರ್ಕೋ ಶೂಟೋ, ಅಂದರೆ ನಾಟಕವೋ ನಿಜವೋ, ನನಗೆ ಗೊತ್ತಾಗಲಿಲ್ಲ. ಮಾಮನ ಹೆಂಡತಿ ತೀರಿಕೊಂಡಿದ್ದು ಎಲ್ಲರಿಗೂ ಗೊತ್ತಿದ್ದ ವಿಷಯ. ಉಳಿದಿದ್ದು ಯಾರಿಗೂ ಗೊತ್ತಿರಲಿಲ್ಲ.

ಹುಡುಗ ಮೈಕ್ ಕೆಳಗಿಳಿಸಿದ. ತೊಡೆಯ ಪಕ್ಕಕ್ಕೆ. ಸುಮ್ಮನೆ ನಿಂತ.

ಒಂದು, ಎರಡು, ಮೂರು. ಸಾಲು ಮರೆತ ಅಂದುಕೊಂಡೆ. ನಾಲ್ಕು, ಐದು. ಹೆಡ್‌ಸೆಟ್‌ನಲ್ಲಿ ಬುಕರ್, "ಡ್ರೈ ಆದನಾ?" ನಾನು, "ಗೊತ್ತಿಲ್ಲ." "ತಾರೀಖು ಹೇಳಿದನಾ?" "ಇಲ್ಲ." ಏಳು, ಎಂಟು. ಅವನ ಗಂಟಲಲ್ಲಿ ಏನೋ ಆಡುವುದು ಕಾಣಿಸಿತು. ಪಾಪ, ಸಿಕ್ಕಿಬಿದ್ದಿದ್ದಾನೆ, ಕಾಪಾಡಬೇಕು ಅನ್ನಿಸಿತು. ಹೌದು, ಕಾಪಾಡಬೇಕು ಅಂತಲೇ. ಬುಕರ್ "ಹಾಕು" ಅಂದರಾ ಅಂತ ಎಷ್ಟು ಸಲ ನೆನಪು ಕೆದಕಿದ್ದೇನೋ. ಅಂದಿರಲಿಲ್ಲ. ಹನ್ನೊಂದನೇ ಸೆಕೆಂಡಿಗೆ ನಾನಾಗಿಯೇ ಸ್ಪೇಸ್ ಬಾರ್ ಒತ್ತಿದೆ.

ಗಿಟಾರ್, ಡ್ರಮ್, ಹಾಲ್ ತುಂಬ. ಅಭ್ಯಾಸಬಲದಿಂದ ಅರ್ಧ ಜನ ಹೋ ಎಂದರು. ಉಳಿದರ್ಧ ತಿರುಗಿ ನನ್ನ ಟೇಬಲ್ ಕಡೆ ನೋಡಿದರು. ರಿಂಗ್‌ನಲ್ಲಿ ಹುಡುಗನ ಮೈಕ್ ಬಾಯಿಯ ಹತ್ತಿರ ಇತ್ತು. ಬಾಯಿ ತೆರೆದಿತ್ತು.

ಮಾಮ ಒಂದು ಕ್ಷಣ ನಿಂತ. ಮೈಕನ್ನು ಮ್ಯಾಟ್ ಮೇಲೆ ಹಾಕಿ ಹಗ್ಗದ ಕೆಳಗಿಂದ ಉರುಳಿ ಹೊರಟುಹೋದ. (ಆ ಮೈಕಿನ ಜಾಲರಿ ಇವತ್ತಿಗೂ ತಗ್ಗಾಗಿದೆ. ಹೊಸದು ಕೇಳಿದರೆ ಬಜೆಟ್ ಇಲ್ಲ.) ಹುಡುಗನಿಗೆ ಏನು ಮಾಡಬೇಕೋ ತೋಚಲಿಲ್ಲ. ಮ್ಯೂಸಿಕ್ ಬಂದಾಗ ದಿನವೂ ಮಾಡುವುದನ್ನೇ ಮಾಡಿದ. ರಿಂಗಿನ ಮೂಲೆಯ ಟರ್ನ್‌ಬಕಲ್ ಹತ್ತಿ ಎರಡೂ ಕೈ ಎತ್ತಿದ. ಅನ್ನ ಹಾಕಿದವಳ ಮಣ್ಣಿಗೆ ಬರಲಿಲ್ಲ ಅಂತ ಈಗಷ್ಟೇ ಅನ್ನಿಸಿಕೊಂಡವನು ರಾಕ್ ಮ್ಯೂಸಿಕ್‌ಗೆ ಕೈ ಎತ್ತಿ ನಿಂತಿದ್ದಾನೆ. ನಾನು ಮಿಕ್ಸರ್ ಲೈಟುಗಳನ್ನೇ ನೋಡುತ್ತಾ ಕೂತೆ.

ಷೋ ಮುಗಿದ ಮೇಲೆ ಎಲ್ಲರೂ ಎಲ್ಲರಿಗೂ ಕೈ ಕೊಡುವ ಪದ್ಧತಿ. ಹುಡುಗ ಬಂದು ಕೈ ಕೊಟ್ಟ, ಏನೂ ಹೇಳಲಿಲ್ಲ. ಮಾಮ ಹಿಂದುಗಡೆ ಪ್ಲಾಸ್ಟಿಕ್ ಕ್ರೇಟ್ ಮೇಲೆ ಕೂತು ಮಣಿಕಟ್ಟಿನ ಟೇಪ್ ಕೀಳುತ್ತಿದ್ದ. ಸಾರಿ ಹೇಳಲು ಹೋದೆ. ಬಾಯಿ ತೆರೆಯುವ ಮುಂಚೆಯೇ ಕೇಳಿದ.

"ಫ್ರಿಜ್ ಸದ್ದು ಕೇಳಿಸಿತಾ ನಿನಗೆ?"

"ಯಾವ ಫ್ರಿಜ್?"

"ಮೂಲೆಯಲ್ಲಿರೋದು. ನನಗೆ ಕೇಳಿಸಿತು. ರಿಂಗ್ ಮಧ್ಯದಲ್ಲಿ ನಿಂತವನಿಗೆ."

ಅಷ್ಟೇ. ಮತ್ತೆ ಟೇಪ್ ಕೀಳತೊಡಗಿದ.

ಆಮೇಲೆ ಗೊತ್ತಾಗಿದ್ದು ಇದು. ಬರುವಾಗ ಕಾರಿನಲ್ಲಿ ಇಬ್ಬರೂ ಮಾತಾಡಿಕೊಂಡಿದ್ದರು. ಹೆಂಡತಿಯ ವಿಷಯ ಎತ್ತುತ್ತೇನೆ, ಪರವಾಗಿಲ್ವಾ ಅಂತ ಮಾಮ ಕೇಳಿದ್ದ. ಹುಡುಗ ಹೂಂ ಅಂದಿದ್ದ. "ಫ್ರಿಜ್ ಸದ್ದು ಕೇಳಿಸುವವರೆಗೂ ಬಾಯಿ ತೆರೀಬೇಡ" ಅಂತ ಮಾಮ ಹೇಳಿಕೊಟ್ಟಿದ್ದ. 40 ಡಾಲರ್ ಮಾತು ಮಾತ್ರ ಕಾರಿನಲ್ಲಿ ಬಂದಿರಲಿಲ್ಲವಂತೆ. ಇದೆಲ್ಲ ರನ್ ಶೀಟ್‌ಗೆ ಬರಲೇ ಇಲ್ಲ. ಕಾರಿನಲ್ಲಿ ಆದ ಮಾತು ಸೌಂಡ್ ಟೇಬಲ್‌ಗೆ ಹೇಗೆ ಗೊತ್ತಾಗಬೇಕು? ಇದನ್ನು ಬುಕರ್ ಮುಂದೆ ದೊಡ್ಡ ದನಿಯಲ್ಲೇ ಹೇಳಿದೆ. ಅವರು, "ತಾರೀಖಂತೂ ಯಾರೂ ಹೇಳಲಿಲ್ಲ" ಅಂದರು.

ಆದರೆ ರೆಕಾರ್ಡಿಂಗ್ ನೋಡಿದರೆ ರನ್ ಶೀಟ್ ಮೇಲೆ ತಪ್ಪು ಹಾಕಲು ಬಾಯಿ ಬರುವುದಿಲ್ಲ. ಕ್ಯಾಮೆರಾ ಎದುರಿನ ಸಾಲಿನಲ್ಲಿ ಒಬ್ಬಳು ಪಾಪ್‌ಕಾರ್ನ್ ಕೈಯನ್ನು ಅರ್ಧಕ್ಕೇ ನಿಲ್ಲಿಸಿದ್ದಾಳೆ. ಅವಳ ಪಕ್ಕದವನು ಅಲ್ಲಿಯವರೆಗೂ ಫೋನ್‌ನಲ್ಲಿ ವಿಡಿಯೋ ಮಾಡುತ್ತಿದ್ದ. ಆರನೇ ಸೆಕೆಂಡಿಗೆ ಫೋನ್ ಮಡಿಲಿಗೆ ಇಳಿದಿದೆ. ನಾನು ನೋಡುತ್ತಿದ್ದದ್ದು ಹುಡುಗನ ಗಂಟಲು ಮತ್ತು ಸ್ಟಾಪ್‌ವಾಚ್. ಜನರ ಕಡೆ ಒಂದು ಸಲ ತಿರುಗಿದ್ದರೆ ಸಾಕಿತ್ತು.

ಇನ್ನೊಂದು ಇದೆ. ಇದು ಕುಸ್ತಿಯವರಿಗೇ ಹೆಚ್ಚು ಅರ್ಥ ಆದೀತು. 2001ರಲ್ಲಿ ಆಸ್ಟಿನ್ ಮಾತುಮಾತಿಗೂ "ವಾಟ್?" ಅನ್ನಲು ಶುರುಮಾಡಿದ. ಅಂದಿನಿಂದ ಯಾವ ಊರಲ್ಲೇ ಆಗಲಿ, ಪ್ರೋಮೋದಲ್ಲಿ ಯಾರಾದರೂ ಉಸಿರು ತೆಗೆದುಕೊಂಡರೆ ಸಾಕು, ಜನ "ವಾಟ್?" ಎಂದು ಕೂಗುತ್ತಾರೆ. ಎಳೆಯ ಹುಡುಗರ ಪ್ರೋಮೋ ಎಷ್ಟೋ ಅದರಲ್ಲೇ ಸತ್ತಿವೆ. ಖಾಲಿ ಜಾಗ ಬಿಟ್ಟರೆ ಅಪಾಯ, ಬೇಗ ತುಂಬಿಸಬೇಕು ಅಂತ ಮೊದಲ ವರ್ಷವೇ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಅವತ್ತು 11 ಸೆಕೆಂಡ್ ಖಾಲಿ ಬಿಟ್ಟರೂ ಒಬ್ಬನೂ "ವಾಟ್?" ಅನ್ನಲಿಲ್ಲ. ಅದೇ ಸುಳಿವು. ಕಣ್ಣೆದುರೇ ಇತ್ತು, ಅಲ್ಲ, ಕಿವಿಯೆದುರೇ. ಸೌಂಡ್‌ನವನಿಗೇ ಕೇಳಿಸಲಿಲ್ಲ.

ಆ ರಾತ್ರಿ ನಿದ್ದೆ ಬರದೆ ಹಳೇ ವಿಡಿಯೋ ಹಾಕಿಕೊಂಡು ಮಾತು ಬಿಟ್ಟು ಮಾತಿನ ನಡುವಿನ ಜಾಗವನ್ನೇ ನೋಡುತ್ತಾ ಕೂತೆ. 2002ರ ಮಾರ್ಚ್ 17, ಟೊರಾಂಟೊ ಸ್ಕೈಡೋಮ್, 68,237 ಜನ ಅಂತ ಲೆಕ್ಕ ಹೇಳಿದ್ದರು. ದ ರಾಕ್ ಮತ್ತು ಹಲ್ಕ್ ಹೋಗನ್ ಎಂಬ ಇಬ್ಬರು ದೊಡ್ಡ ರೆಸ್ಲರ್‌ಗಳು ಎದುರುಬದುರು ನಿಂತು ಒಂದು ಮಾತೂ ಆಡದೆ ತಲೆಯನ್ನು ಆ ಕಡೆ ಈ ಕಡೆ ತಿರುಗಿಸುತ್ತಾರೆ. ಅಷ್ಟಕ್ಕೇ ಛಾವಣಿ ಹಾರಿಹೋಗುವ ಹಾಗೆ ಕೂಗು. ಜೇಕ್ ರಾಬರ್ಟ್ಸ್ ಕಿರುಚುವವನೇ ಅಲ್ಲ. ಪಕ್ಕದ ಮನೆಯವರಿಗೆ ಕೇಳಿಸಬಾರದು ಅನ್ನುವ ಹಾಗೆ ಮಾತಾಡುತ್ತಾನೆ, ಜನರೇ ಮುಂದಕ್ಕೆ ಬಾಗಬೇಕು.

ಎಲ್ಲಕ್ಕಿಂತ ಚುಚ್ಚಿದ್ದು ಸಿಎಂ ಪಂಕ್ ಎಂಬ ರೆಸ್ಲರ್‌ನ ಪ್ರೋಮೋ. 2011ರ ಜೂನ್ 27, ಲಾಸ್ ವೇಗಸ್. ಸ್ಟೇಜ್ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕಂಪನಿಯನ್ನೇ ಬೈಯುತ್ತಾ ಹೋಗುತ್ತಾನೆ. ಕೊನೆಗೆ ಮಾಲೀಕರ ಬಗ್ಗೆ ಇನ್ನೇನೋ ಹೇಳಹೊರಟಾಗ ಮೈಕ್ ಕಟ್. ಬಾಯಿ ಆಡುತ್ತಿದೆ, ದನಿ ಇಲ್ಲ. ಅದೂ ಷೋದ ಭಾಗವೇ. ಪ್ರೋಮೋ ಎಲ್ಲಿ ನಿಲ್ಲಬೇಕೋ ಅಲ್ಲಿ ಒಬ್ಬ ಸೌಂಡ್‌ನವನ ಬೆರಳು ನಿಲ್ಲಿಸಿತು. ಅವನದ್ದೂ ಒಂದು ಬಟನ್, ನನ್ನದೂ ಒಂದು ಬಟನ್. ನೋಡುತ್ತಾ ಲ್ಯಾಪ್‌ಟಾಪ್ ಮುಚ್ಚಿದೆ.

ನಾಚಿಕೆ ಆಗಿದ್ದು ಯಾಕೆಂದರೆ ಇದು ನನಗೆ ಹೊಸ ಪಾಠ ಆಗಬಾರದಿತ್ತು. ನನ್ನ ಸೋದರಮಾವ ಮದ್ದಳೆ ಬಾರಿಸುತ್ತಿದ್ದರು. ಚಿಕ್ಕವನಿದ್ದಾಗ ತಾಳಮದ್ದಳೆಗೆ ಕರೆದುಕೊಂಡು ಹೋಗಿ ಹಿಮ್ಮೇಳದ ಪಕ್ಕ ಕೂರಿಸುತ್ತಿದ್ದರು. ವೇಷ ಇಲ್ಲ, ಕುಣಿತ ಇಲ್ಲ, ಇಬ್ಬರು ಕೂತಲ್ಲೇ ಮಾತಿನಲ್ಲಿ ಕಾದಾಡುವುದು. ಭಾಗವತರು ಅರ್ಥಧಾರಿಯ ಮುಖವನ್ನೇ ನೋಡುತ್ತಿರುತ್ತಾರೆ. ಅವನ ಮಾತು ಇಳಿದು ಕೂತ ಮೇಲೆ ಮುಂದಿನ ಪದ. ಒಂದು ಸಲ ಭಾಗವತರೊಬ್ಬರು ಅವಸರ ಮಾಡಿ, ಕೌರವ ಯೋಚಿಸಲು ನಿಂತಾಗಲೇ ಪದ ಎತ್ತಿಬಿಟ್ಟರು. ಪದ ಮುಗಿದ ಮೇಲೆ ಕೌರವನ ಅರ್ಥ ಹೇಳುತ್ತಿದ್ದವರು ನಿಧಾನವಾಗಿ, "ಕೃಷ್ಣಾ, ನನ್ನ ಸಭೆಯಲ್ಲಿ ನನಗಿಂತ ಅವಸರದವರು ಇದ್ದಾರೆ ಎಂದು ತಿಳಿದಿರಲಿಲ್ಲ" ಅಂದರು. ಮಾವನ ಮದ್ದಳೆಯೇ ನಕ್ಕಿತು. ನಾನೂ ನಕ್ಕಿದ್ದೆ. ಮೂವತ್ತು ವರ್ಷ ಆದ ಮೇಲೆ ಆ ಭಾಗವತರ ಸ್ಥಿತಿ ನನಗೇ ಬಂತು.

ಈಗ ರನ್ ಶೀಟ್‌ನಲ್ಲಿ ನಾನೇ ಒಂದು ಕಾಲಂ ಸೇರಿಸಿದ್ದೇನೆ: "ಎಲ್ಲಿ ನಿಲ್ಲುತ್ತೀರಿ?" ಯಾರೂ ತುಂಬಿಸುವುದಿಲ್ಲ. ಹಾಗಾಗಿ ಪ್ರೋಮೋ ಇರುವವರನ್ನೆಲ್ಲ ಡೋರ್ ಓಪನ್ ಆಗುವ ಮುಂಚೆ ಹುಡುಕಿಕೊಂಡು ಹೋಗಿ ಬಾಯಲ್ಲೇ ಕೇಳುತ್ತೇನೆ. ಸ್ಪೇಸ್ ಬಾರ್ ತೆಗೆದು ಮ್ಯೂಸಿಕ್‌ಗೆ ಎರಡು ಕೀ ಒಟ್ಟಿಗೆ ಒತ್ತುವ ಹಾಗೆ ಮಾಡಿಕೊಂಡಿದ್ದೇನೆ. ಪ್ರೋಮೋ ನಡೆಯುವಾಗ ಸ್ಟಾಪ್‌ವಾಚ್ ಬೋರಲು ಹಾಕುತ್ತೇನೆ. ಬುಕರ್ ಹೆಡ್‌ಸೆಟ್‌ನಲ್ಲಿ ಟೈಮ್ ಟೈಮ್ ಅಂದರೆ ಹೂಂ ಅನ್ನುತ್ತೇನೆ.

ಆ ರಾತ್ರಿಯ ಮುಂದಿನ ತಿಂಗಳ ಷೋದಲ್ಲಿ ಅದೇ ಇಬ್ಬರು, ಅದೇ ರಿಂಗ್. ಮಾಮ ಮಾತಿನ ನಡುವೆ ತಟ್ಟನೆ ನಿಂತ. ತಿರುಗಿ ನನ್ನ ಟೇಬಲ್ ಕಡೆ ಬೆರಳು ತೋರಿಸಿದ. "ಏಯ್ ಸೌಂಡ್. ಎರಡೂ ಕೈ ಮೇಲೆ." ನಾನು ಎತ್ತಿದೆ. 200 ಜನ ಒಟ್ಟಿಗೆ ನನಗೆ ಬೂ ಅಂದರು. ಹದಿನೈದು ವರ್ಷದ ಕೆಲಸದಲ್ಲಿ ನನಗೆ ಸಿಕ್ಕ ಮೊದಲ ಹೀಟ್, ಅಂದರೆ ಜನರ ಸಿಟ್ಟು, ಅದು. ಹುಡುಗನೂ ಚೆನ್ನಾಗಿಯೇ ಮಾತಾಡಿದ, ತಾರೀಖು ಹೇಳಿದ, ಟಿಕೆಟ್ ಹೋಯಿತು. ಫ್ರಿಜ್ ಮಾತ್ರ ಕೇಳಿಸಲಿಲ್ಲ. ನಾನು ಕಿವಿಗೊಟ್ಟೇ ಕೂತಿದ್ದೆ.

ಅವತ್ತು ರಾತ್ರಿ ಹೈವೇ ಪಕ್ಕದ ಡೈನರ್‌ನಲ್ಲಿ ಹುಡುಗನ ಎದುರು ಕೂತಿದ್ದೆ. ಹೋದ ಸಲ ಬಾಯಿ ತೆರೆದಾಗ ಏನು ಹೇಳಹೊರಟಿದ್ದೆ ಅಂತ ಕೊನೆಗೂ ಕೇಳಿಬಿಟ್ಟೆ.

"ಮರೆತುಹೋಯ್ತು ಬ್ರದರ್" ಅಂದ.

ಅವನ ಮುಂದೆ ತಟ್ಟೆಯಲ್ಲಿ ಎರಡು ಮೊಟ್ಟೆ ಇತ್ತು. ನಾವೆಲ್ಲ ತಿಂದು ಬಿಲ್ ಕೊಟ್ಟು ಏಳುವವರೆಗೂ ಅದನ್ನು ಫೋರ್ಕ್‌ನಿಂದ ಆ ಕಡೆ ಈ ಕಡೆ ಸರಿಸುತ್ತಲೇ ಇದ್ದ.